ಬೂದಿಗೆ ಕಿವಿಗೊಟ್ಟು

ಫೆಬ್ರವರಿ ೩, ಸೋಮವಾರ

ಕಾಡ್ಗಿಚ್ಚು ಬಂದುಹೋಗಿ ತಿಂಗಳಾಗುತ್ತ ಬಂತು. ನಾವೀಗ ಇರುವ ಗಾಲಿಮನೆ ಕ್ಯಾರವಾನನ್ನು ನೆವ್, ಬಾಗಿಲು ರಸ್ತೆಯ ಕಡೆಗೆ ಬರುವಂತೆ ತಿರುಗಿಸಿ ನಿಲ್ಲಿಸಿದ್ದಾನೆ. ನಾನು ಕೇಳಿರಲಿಲ್ಲ. ಗಂಡನಾಗಿ ಇಷ್ಟು ವರ್ಷವಾದ ಮೇಲೆ ಅಷ್ಟು ತಿಳಿಯುತ್ತದೆ. ಮನೆಯಿದ್ದ ಜಾಗ ಹಿಂಬದಿಗಿದೆ. ಆ ಬದಿಯ ಕಿಟಕಿಗೆ ನಾನು ಟವೆಲ್ ಕಟ್ಟಿದ್ದೇನೆ.

ಇವತ್ತು ಪುರಸಭೆಯಿಂದ ಒಬ್ಬ ಹೆಂಗಸು ಬಂದಿದ್ದಳು. ಒಳ್ಳೆಯವಳೇ. ಆದರೆ ಅವಳೂ ತಲೆ ಓರೆ ಮಾಡಿಕೊಂಡು ಹೇಗಿದ್ದೀರಿ ಎಂದು ಕೇಳಿದಳು. ಈ ಊರಿನಲ್ಲಿ ಈಗ ಎಲ್ಲರೂ ತಲೆ ಓರೆ ಮಾಡಿಯೇ ಕೇಳುತ್ತಾರೆ. ಮಾರ್ಚ್ ಮಧ್ಯದ ಹೊತ್ತಿಗೆ ಜೆಸಿಬಿ ಬಂದು ನಮ್ಮ ರಸ್ತೆಯ ಸುಟ್ಟ ಮನೆಗಳನ್ನೆಲ್ಲ ಬಳಿದು ಲಾರಿಗೆ ತುಂಬುತ್ತದಂತೆ. ಅಷ್ಟರೊಳಗೆ ಬೂದಿಯಲ್ಲಿ ಉಂಗುರ, ಪದಕ, ಏನಾದರೂ ಹುಡುಕಬೇಕಿದ್ದರೆ ನೆಲದಡಿಯ ಲೋಹ ಪತ್ತೆ ಹಚ್ಚುವ ಡಿಟೆಕ್ಟರ್ ಸಂಘದವರು ಬಂದು ಹುಡುಕಿಕೊಡುತ್ತಾರಂತೆ. ರಜೆ ಬಂದರೆ ಯಂತ್ರ ಹಿಡಿದು ಕಾಡಿನಲ್ಲಿ ಚಿನ್ನದ ಆಸೆಗೆ ಅಲೆಯುವ ಮಂದಿ ಅವರು. ಬೇಡ ಎಂದೆ. ನೆವ್ ಬೇಕು ಎಂದು ಹೆಸರು ಬರೆಸಿದ.

ಸಂಜೆ ಅವನ ತಂಗಿ ಜಾನಿಸ್ ಕರಾವಳಿಯ ಪೋರ್ಟ್‌ಲ್ಯಾಂಡಿನಿಂದ ಫೋನ್ ಮಾಡಿದಳು. ಅವಳ ಪಕ್ಕದ ಮನೆ ಖಾಲಿಯಾಗುತ್ತದೆ, ಕಿಟಕಿಯಿಂದ ಸಮುದ್ರ ಕಾಣುತ್ತದೆ. ಹೋಗೋಣ ಎಂದೆ. ಇಲ್ಲಿ ನನಗೇನಿದೆ? ಹೊಲಿಗೆಯವಳು ಎಂದು ಹೇಳಿಕೊಳ್ಳಲು ಬೆರಳುಗಳಷ್ಟೇ ಉಳಿದಿವೆ.

ಫೆಬ್ರವರಿ ೮, ಶನಿವಾರ

ಸಂಘದಿಂದ ಯಾರೋ ಗಡ್ಡದವರು ಬರುತ್ತಾರೆ ಎಂದುಕೊಂಡಿದ್ದೆ. ಬಂದದ್ದು ವಿಲ್ಮಾ ಆಕಿನ್. ಮುಖ್ಯ ರಸ್ತೆಯಲ್ಲಿ ಬಹಳ ವರ್ಷ ಬ್ಯೂಟಿ ಪಾರ್ಲರ್ ನಡೆಸಿದವಳು. ನನ್ನ ತಾಯಿಯ ಕೂದಲಿಗೆ ಬಣ್ಣ ಹಚ್ಚುತ್ತಿದ್ದುದೂ ಅವಳೇ, ಮದುವೆಯ ದಿನ ನನ್ನ ಕೂದಲನ್ನು ಹಕ್ಕಿಗೂಡು ಮಾಡಿದ್ದೂ ಅವಳೇ. ಈಗ ಎಪ್ಪತ್ತು ದಾಟಿದ್ದಾಳೆ. ತುಟಿಗೆ ಕೆಂಪು ಬಣ್ಣ, ಮೊಣಕಾಲಿಗೆ ಚರ್ಮದ ಪಟ್ಟಿ, ಕುತ್ತಿಗೆಗೆ ಹೆಡ್‌ಫೋನ್, ಸೊಂಟದಲ್ಲಿ ಪುಟ್ಟ ಪಿಕಾಸಿ.

ತಲೆ ಓರೆ ಮಾಡಲಿಲ್ಲ. ನೇರ ನೋಡಿ, "ಏನು ಕಳ್ಕೊಂಡೆ?" ಎಂದಳು.

"ಎಲ್ಲಾ," ಎಂದೆ.

"ಎಲ್ಲಾ ಅಂತ ಈ ಮೆಷಿನ್ನಿಗೆ ಹೇಳಕ್ಕಾಗಲ್ಲ ಕಣೇ ರೇಲೀನ್. ಇದಕ್ಕೆ ಚಿನ್ನ ಗೊತ್ತು, ಬೆಳ್ಳಿ ಗೊತ್ತು, ಕಬ್ಬಿಣ ಗೊತ್ತು. ಎಲ್ಲಾ ಅನ್ನೋದು ಗೊತ್ತಿಲ್ಲ. ಒಂದು ಹೆಸರು ಹೇಳು."

ಹೊಲಿಯುವಾಗ ಬೆರಳತುದಿಗೆ ತೊಡುವ ಅಮ್ಮನ ಬೆಳ್ಳಿಯ ಅಂಗುಸ್ತಾನ ಎಂದು ಬಾಯಿಗೆ ಬಂತು. ಹೊಲಿಗೆಯ ಕೋಣೆ ಎಲ್ಲಿತ್ತು ಎಂದು ತೋರಿಸಲು ಬೂದಿಯೊಳಗೆ ಹೋಗಲೇಬೇಕಾಯಿತು. ವಿಲ್ಮಾ ಯಂತ್ರ ಚಾಲೂ ಮಾಡಿ ಅದರ ತುದಿಯ ತಟ್ಟೆಯನ್ನು ನೆಲದ ಮೇಲೆ ಒಮ್ಮೆ ಬೀಸಿದಳು. ಹಂದಿ ಕೊಯ್ದಂತೆ ಕೂಗಿಕೊಂಡಿತು. ಎಡಕ್ಕೆ ಬೀಸಿದರೂ ಕೂಗು, ಬಲಕ್ಕೆ ಬೀಸಿದರೂ ಕೂಗು. ಗುಂಡುಪಿನ್ನುಗಳು. ಇಷ್ಟು ವರ್ಷ ನನ್ನ ಕೈಜಾರಿ ನೆಲದ ಹಲಗೆಯ ಸಂದಿಗೆ ಬಿದ್ದ ಪಿನ್ನುಗಳೆಲ್ಲ ಒಟ್ಟಿಗೆ ಎದ್ದು ಕೂತಿದ್ದವು.

"ನಲವತ್ತು ವರ್ಷದಿಂದ ಹುಡುಕ್ತಿದೀನಿ, ಇಷ್ಟು ದೊಡ್ಡ ಗಣಿ ಕಂಡಿರ್ಲಿಲ್ಲ," ಎಂದಳು ವಿಲ್ಮಾ. ನನಗೆ ನಗು ತಡೆಯಲಾಗಲಿಲ್ಲ. ನೆವ್ ಯಾಕೋ ಕ್ಯಾರವಾನಿನಿಂದ ಹೊರಗೆ ಓಡಿಬಂದು ನಮ್ಮನ್ನೇ ನೋಡುತ್ತ ನಿಂತಿದ್ದ.

ಅಂಗುಸ್ತಾನ ಸಿಗಲಿಲ್ಲ. ಹೋಗುವಾಗ ವಿಲ್ಮಾ ತನ್ನ ಹಳೆಯ ಡಿಟೆಕ್ಟರನ್ನು ಇಲ್ಲೇ ಬಿಟ್ಟುಹೋದಳು. ಕಾರಿನಲ್ಲಿ ಜಾಗವಿಲ್ಲ ಎಂದಳು. ಕಾರು ಖಾಲಿಯಿತ್ತು.

ಫೆಬ್ರವರಿ ೧೦, ಸೋಮವಾರ

ಹಿಂದಿನ ಬೇಲಿಯ ಬಳಿ ಬೀಸಿ ನೋಡಿದೆ. ಮೊಳೆ. ಮೊಳೆ. ಬಿಯರ್ ಡಬ್ಬಿ. ಮೊಳೆ. ತೋಳು ನೋಯುತ್ತಿದೆ.

ಫೆಬ್ರವರಿ ೧೬, ಭಾನುವಾರ

ವಿಲ್ಮಾ ಇವತ್ತು ನನ್ನನ್ನು ಬೆಂಕಿ ಮುಟ್ಟದ ಕಾಡಿನ ಕಡೆಗೆ ಕರೆದೊಯ್ದಳು. ಹಿಂದಿನ ಕಾಲದ ಗಣಿಗಾರರು ತೋಡಿ ಬಿಟ್ಟ ಗುಂಡಿಗಳು, ಬೆಣಚುಕಲ್ಲಿನ ರಾಶಿಗಳು, ಕರಿತೊಗಟೆಯ ನೀಲಗಿರಿ ಮರಗಳು. ಹುಟ್ಟಿದಾಗಿನಿಂದ ಇದರ ಪಕ್ಕದಲ್ಲೇ ಇದ್ದೇನೆ. ನಿಧಾನವಾಗಿ ನಡೆದದ್ದು ಇವತ್ತೇ ಮೊದಲು.

ನಿಧಾನವೇ ಇದರ ಗುಟ್ಟು. ತಟ್ಟೆಯನ್ನು ನೆಲಕ್ಕೆ ತಾಗಿಯೂ ತಾಗದ ಹಾಗೆ ಹಿಡಿಯಬೇಕು. ಒಮ್ಮೆ ಬೀಸಿದ ಜಾಗದ ಅರ್ಧವನ್ನು ಮತ್ತೆ ಸೇರಿಸಿಕೊಂಡು ಮುಂದಿನ ಬೀಸು. ನಾನು ಗೋಡೆಗೆ ಸುಣ್ಣ ಬಳಿಯುವವಳ ಹಾಗೆ ಬೀಸುತ್ತಿದ್ದೆನಂತೆ. "ಇಸ್ತ್ರಿ ಮಾಡೋ ಥರ ಬೀಸು, ರೇ. ರೇಷ್ಮೆ ಬಟ್ಟೆ ಅಂದ್ಕೋ," ಎಂದಳು ವಿಲ್ಮಾ. ಆಮೇಲೆ ಕೈ ತಾನಾಗಿ ಹದಕ್ಕೆ ಬಂತು.

ಹೆಡ್‌ಫೋನಿನಲ್ಲಿ ಸದಾ ಒಂದು ಸಣ್ಣ ಗುಂಯ್ ಇರುತ್ತದೆ, ದೂರದ ಜೇನುಹುಳುವಿನ ಹಾಗೆ. ಏನೂ ಇಲ್ಲದ ನೆಲದ ಸದ್ದು ಅದು. ಅದನ್ನು ಮೊದಲು ಚೆನ್ನಾಗಿ ಕೇಳಿಸಿಕೊಳ್ಳಬೇಕು. ಆಗಲೇ ಅದು ಒಂದಿಷ್ಟು ಅಲುಗಿದರೂ ಕಿವಿಗೆ ತಿಳಿಯುತ್ತದೆ. ವಿಲ್ಮಾ ಕಣ್ಣು ಮುಚ್ಚಿ ಕೇಳುತ್ತಾಳೆ. ನಾನು ಅವಳ ಹೆಡ್‌ಫೋನಿಗೆ ಕಿವಿಯಿಟ್ಟು ಏನೂ ಇಲ್ಲ ಎಂದ ಜಾಗದಲ್ಲಿ ಅವಳು ಮೊಣಕಾಲೂರಿ ಅಗೆದು ಒಂದು ಸೀಸದ ಗುಂಡು ತೆಗೆದಳು. ಅಕ್ಕಿಕಾಳಿನಷ್ಟಿತ್ತು. ಇಂಥ ಕಿವಿ ಇಟ್ಟುಕೊಂಡು ಇಷ್ಟು ಕಾಲ ಪಾರ್ಲರಿನ ಡ್ರೈಯರುಗಳ ಸದ್ದಿನ ನಡುವೆ ಹೇಗೆ ಬದುಕಿದಳೋ.

ತೋಡಿದ ಗುಂಡಿಯನ್ನೆಲ್ಲ ಮುಚ್ಚಿ, ಮೇಲೆ ಒಣಗಿದ ಎಲೆ ಹರಡಿ, ಕೈಯಿಂದ ತಟ್ಟುತ್ತಾಳೆ. ಯಾರೂ ನೋಡದಿದ್ದರೂ ತಟ್ಟುತ್ತಾಳೆ. ಅವಳ ಮುತ್ತಜ್ಜ ಚೀನಾದಿಂದ ಬಂದು ಇದೇ ಇಳಿಜಾರಿನಲ್ಲಿ ಅಗೆದವನು. ಅವನಿಗೆ ಸಿಗದೆ ಉಳಿದದ್ದು ತನಗೆ ಸೇರಬೇಕು ಎನ್ನುತ್ತಾಳೆ. ಮಧ್ಯಾಹ್ನಕ್ಕೆ ಡಿಮ್ ಸಿಮ್ ಎಂಬ ಮಾಂಸದ ಕಡುಬು, ತಣ್ಣನೆಯದು, ತಂದಿದ್ದಳು, ನಾನು ಚೀಸ್ ಹಚ್ಚಿದ ಬ್ರೆಡ್ಡು. ಅರ್ಧರ್ಧ ಬದಲಾಯಿಸಿಕೊಂಡೆವು.

ನನಗೆ ಸಿಕ್ಕದ್ದು: ಬಾಟಲಿ ಮುಚ್ಚಳಗಳು, ಬೂಟಿನ ಮೊಳೆಗಳು, ಒಂದು ಹಿತ್ತಾಳೆಯ ಬಕಲ್. ಯಾರದೋ ಸೊಂಟದಲ್ಲಿದ್ದದ್ದು. ಮನೆಗೆ ತಂದು ತೊಳೆದಿಟ್ಟಿದ್ದೇನೆ.

ಫೆಬ್ರವರಿ ೨೩, ಭಾನುವಾರ

ಚಿನ್ನ.

ಎಳ್ಳಿಗಿಂತ ದಪ್ಪ, ಅಕ್ಕಿಕಾಳಿಗಿಂತ ಸಣ್ಣ. ಮಣ್ಣನ್ನು ಅಂಗೈಗೆ ಹಾಕಿಕೊಂಡು ಅರ್ಧ ಚೆಲ್ಲಿ, ಉಳಿದದ್ದನ್ನು ತಟ್ಟೆಯ ಮೇಲೆ ಆಡಿಸಿ, ಮತ್ತೆ ಅರ್ಧ ಚೆಲ್ಲಿ, ಕೊನೆಗೆ ಒಂದು ಚಿಟಿಕೆ ಮಣ್ಣು ಉಳಿದಾಗಲೂ ಯಂತ್ರ ಹಾಡುತ್ತಲೇ ಇತ್ತು. ಉಗುಳು ಹಚ್ಚಿ ಉಜ್ಜಿದೆ. ಭೂಮಿ ಹುಟ್ಟಿದಾಗಿನಿಂದ ಯಾರೂ ನೋಡದಿದ್ದುದನ್ನು ನಾನು ನೋಡಿದೆ. ವಿಲ್ಮಾ ಎಷ್ಟೋ ಚಿನ್ನ ಕಂಡವಳು, ಆದರೂ ಮೊಣಕಾಲೂರಿ ಕೂತು ಹೊಸದಾಗಿ ನೋಡುವವಳ ಹಾಗೆ ನೋಡಿದಳು. ಆ ಗುಣ ನನಗೆ ಬಹಳ ಹಿಡಿಸಿತು.

ನೆವ್ ಅದನ್ನು ಅಂಗೈಯಲ್ಲಿಟ್ಟುಕೊಂಡು, ಸೀನಿದರೆ ಹೋಯ್ತಲ್ಲ ಎಂದ. ಆಮೇಲೆ ಬಹಳ ಹೊತ್ತು ಕೊಡಲೇ ಇಲ್ಲ.

ಕಿಟಕಿಯ ಟವೆಲ್ ಧೂಳು ಹಿಡಿದಿತ್ತು. ತೆಗೆದು ಒಗೆದೆ. ಅದರಲ್ಲಿ ಈಗ ಡಿಟೆಕ್ಟರ್ ಸುತ್ತಿಟ್ಟಿದ್ದೇನೆ.

ಮಾರ್ಚ್ ೪, ಮಂಗಳವಾರ

ಪಕ್ಕದ ಜಮೀನಿನ ಗಾರ್ತ್ ಹಾಕಿಂಗ್ ಇವತ್ತು ಬೇಲಿಗೆ ಬಂದು ನಿಂತಿದ್ದ. ಅವನ ಮನೆಯೂ ಪೂರ್ತಿ ಹೋಗಿದೆ. ಹೆಂಡತಿ ಕೋರಲ್ ಹೋದ ವರ್ಷದ ಚಳಿಗಾಲದಲ್ಲೇ ತೀರಿಕೊಂಡಳು. ಈಗ ಅವನು ಸುಟ್ಟ ಮನೆಯ ಎದುರಿಗೆ ಪಿಕಪ್ ನಿಲ್ಲಿಸಿಕೊಂಡು ಅದರಲ್ಲೇ ಮಲಗುತ್ತಾನೆ. ಮಗಳು ಬೆಂಡಿಗೋ ಪಟ್ಟಣದಿಂದ ಬಂದು ಕರೆದರೂ ಹೋಗಿಲ್ಲ. ಸಂಘದವರು ಬಂದಾಗ ಸಲಿಕೆ ಎತ್ತಿಕೊಂಡು ಓಡಿಸಿದನಂತೆ.

ನಾನು ಬೀಸುವುದನ್ನು ಬಹಳ ಹೊತ್ತು ನೋಡಿ, ಚಿನ್ನ ಅಂದರೆ ಕೂಗುತ್ತದೆಯೇ ಎಂದು ಕೇಳಿದ. ಕೂಗುತ್ತದೆ, ಬಾಟಲಿ ಮುಚ್ಚಳ ಅಂದರೆ ಇನ್ನೂ ಜೋರಾಗಿ ಕೂಗುತ್ತದೆ ಎಂದೆ. ಅವನ ಮೀಸೆ ಒಂದಿಷ್ಟು ಅಲುಗಿತು.

ಆಮೇಲೆ ಹೇಳಿದ. ಕಾಯಿಲೆಯಲ್ಲಿ ಕೋರಲ್‌ಳ ಬೆರಳು ಊದಿಕೊಂಡು ಮದುವೆಯ ಉಂಗುರವನ್ನು ತೆಗೆಯಬೇಕಾಯಿತು. ಎಲ್ಲಿಟ್ಟಳೋ ಹೇಳಲಿಲ್ಲ, ಕೇಳುವುದು ಇವನಿಗೂ ಹೊಳೆಯಲಿಲ್ಲ. ಅವಳು ಹೋದ ಮೇಲೆ ಹುಡುಕಿದ, ಸಿಗಲಿಲ್ಲ.

"ಮನೇಲೇ ಇದೆಯಲ್ಲ ಅಂತ ಸುಮ್ಮನಿದ್ದೆ," ಎಂದ. ಬೂದಿಯ ಕಡೆ ನೋಡಿದ. "ಅಪರಿಚಿತರ ಬೂಟು ಅವಳ ಅಡಿಗೆಮನೆ ಮೇಲೆ ಓಡಾಡೋದು ಬೇಡ ನನಗೆ. ನೀನು ಬಾ. ನೀನೊಬ್ಬಳೇ. ಆ ವಿಲ್ಮಾ ಬೇಡ, ಊರಿಗೆಲ್ಲ ಡಂಗುರ ಹೊಡೀತಾಳೆ."

"ನಾನಿನ್ನೂ ಕಲೀತಾ ಇದೀನಿ ಗಾರ್ತ್."

"ಹಾಗಾದ್ರೆ ನಿಧಾನವಾಗಿ ಮಾಡ್ತೀಯ. ಒಳ್ಳೇದೇ."

ಮಾರ್ಚ್ ೬, ಗುರುವಾರ

ವಿಲ್ಮಾಳಿಗೆ ಹೇಗೆ ಹೇಳುವುದೆಂದು ಒದ್ದಾಡಿದ್ದೆ. ಅವಳು ಕೇಳಿಸಿಕೊಂಡು, "ಡಂಗುರ ಹೊಡೀತೀನಿ, ಸುಳ್ಳೇನಲ್ಲ," ಎಂದಳು. ಅಷ್ಟೆ. ಒಳಗೆ ಹೋಗಿ ತನ್ನ ಒಳ್ಳೆಯ ಯಂತ್ರವನ್ನೇ ತಂದು ಕೈಗಿತ್ತಳು. ಅದನ್ನು ಸಂಘದ ಅಧ್ಯಕ್ಷನಿಗೂ ಮುಟ್ಟಲು ಬಿಡುವುದಿಲ್ಲ ಎಂದು ಕೇಳಿದ್ದೇನೆ.

ಮೊದಲ ದಿನ ಮಲಗುವ ಕೋಣೆ. ಹಾಸಿಗೆಯ ಸ್ಪ್ರಿಂಗುಗಳು ಕೂಗಿ ಕೂಗಿ ಕಿವಿ ತುಂಬಿಹೋಯಿತು. ಒಂದೊಂದನ್ನೇ ಹೆಕ್ಕಿ ಹೊರಗೆ ಹಾಕಿ, ಬೂದಿಯನ್ನು ಜರಡಿಯಲ್ಲಿ ಆಡಿಸಿದೆ. ಗಾರ್ತ್ ಪಕ್ಕದಲ್ಲಿ ಬಕೆಟ್ ಕವುಚಿ ಹಾಕಿಕೊಂಡು ಕೂತಿದ್ದ. ವಿಲ್ಮಾ ತನ್ನ ಕಾರನ್ನು ರಸ್ತೆಯಂಚಿಗೆ, ಅವನ ಗೇಟಿನ ಎದುರಿಗೇ ನಿಲ್ಲಿಸಿಕೊಂಡು ಡಿಮ್ ಸಿಮ್ ತಿನ್ನುತ್ತಿದ್ದಳು. ಗಾರ್ತ್ ಅತ್ತ ನೋಡಿದಾಗ, ರಸ್ತೆ ಸರ್ಕಾರದ್ದು ಎಂದು ಅಲ್ಲಿಂದಲೇ ಕೂಗಿ ಹೇಳಿದಳು.

ಮಾರ್ಚ್ ೧೧, ಮಂಗಳವಾರ

ಉಂಗುರವಿಲ್ಲ. ಆದರೆ ಮನೆಯಲ್ಲಿ ಏನೇನಿತ್ತು ಎಂಬುದು ಈಗ ನನಗೆ ತಿಳಿದಿದೆ. ಅಡಿಗೆಮನೆಯಲ್ಲಿ ಅಲ್ಯೂಮಿನಿಯಂ ಪಾತ್ರೆಗಳು ಹಾಲಿನ ಹಾಗೆ ಹರಿದು ನೆಲಕ್ಕೆ ಹೆಪ್ಪುಗಟ್ಟಿವೆ. ಚಮಚಗಳು ಒಂದಕ್ಕೊಂದು ಅಂಟಿ ಗೊಂಚಲಾಗಿವೆ. ಜರಡಿಯಲ್ಲಿ ಏನು ಉಳಿದರೂ ಗಾರ್ತ್ ಎತ್ತಿ ನೋಡಿ ಹೇಳುತ್ತಾನೆ. ಇದು ರೇಡಿಯೋದ ಗುಬುಟು. ಇದು ಅವಳ ಕುರ್ಚಿಯ ಚಕ್ರವಲ್ಲ, ನನ್ನ ಮೀನುಗಾಳದ ರಾಟೆ. ಇದು ಮಗಳ ಸೈಕಲ್ಲಿನ ಗಂಟೆ, ಸೈಕಲ್ ಮಾರಿದ ಮೇಲೂ ಕೋರಲ್ ಗಂಟೆ ಬಿಚ್ಚಿಟ್ಟುಕೊಂಡಿದ್ದಳು. ಇಷ್ಟು ವರ್ಷ ಬೇಲಿಯಾಚೆಯಿಂದ ಅವನು ನನ್ನೊಡನೆ ಆಡಿದ ಮಾತು ಮಳೆ ಬರಬಹುದು, ಮಳೆ ಬರಲಿಕ್ಕಿಲ್ಲ ಎಂಬಷ್ಟೆ.

ನೆವ್ ಸಂಜೆ ಕೈಗವಸು ಹಾಕಿಕೊಂಡು ಬೇಲಿ ದಾಟಿ ಬಂದ. ಯಾರೂ ಕರೆದಿರಲಿಲ್ಲ. ಗಾರ್ತ್ ಬಕೆಟ್ಟಿನಿಂದ ಎದ್ದ. ಇಬ್ಬರೂ ಸೇರಿ ಬಿದ್ದ ಛಾವಣಿಯ ತಗಡುಗಳನ್ನು ಎತ್ತಿ ಬದಿಗಿಟ್ಟರು. ಇದನ್ನೇ ನೋಡುತ್ತಿದ್ದ ವಿಲ್ಮಾ, ನೆವ್‌ಗೆ ಬೆನ್ನು ಬಾಗಿಸಬೇಡ, ಮೊಣಕಾಲು ಮಡಿಸು ಎಂದು ರಸ್ತೆಯಿಂದಲೇ ಪಾಠ ಹೇಳಿದಳು.

ಮಾರ್ಚ್ ೧೫, ಶನಿವಾರ

ಜೆಸಿಬಿ ಮಂಗಳವಾರ ಬರುತ್ತದೆ ಎಂದು ಪುರಸಭೆಯವರು ತಿಳಿಸಿದ್ದಾರೆ.

ಇಷ್ಟು ದಿನ ಉಂಗುರ ಎಲ್ಲಿರಬಹುದು ಎಂದೇ ಗಾರ್ತ್‌ನನ್ನು ಕೇಳುತ್ತಿದ್ದೆ. ಇವತ್ತು, ಕೊನೆಕೊನೆಗೆ ಕೋರಲ್ ಎಲ್ಲಿ ಕೂರುತ್ತಿದ್ದಳು ಎಂದು ಕೇಳಿದೆ. ಅವನು ತಡಮಾಡದೆ ಹೇಳಿದ. ಹಿಂದಿನ ಜಗಲಿಯಲ್ಲಿ. ಕೋಳಿಗಳು ಕಾಣುವ ಕಡೆ. ತಣ್ಣೀರಿನ ಬೋಗುಣಿಯಲ್ಲಿ ಕೈಯಿಟ್ಟುಕೊಂಡು ಕೂರುತ್ತಿದ್ದಳು, ಬೆರಳುಗಳ ಉರಿ ಇಳಿಯಲೆಂದು. ಹೇಳಿದವನೇ ನನ್ನ ಮುಖ ನೋಡಿದ.

ಆ ಜಗಲಿ ತಗಡಿನ ಕೆಳಗಿದೆ. ತಗಡಿನ ಮೇಲೆ ಅರ್ಧ ಚಿಮಣಿ ಬಿದ್ದಿದೆ, ಇನ್ನರ್ಧ ಈಗಲೋ ಆಗಲೋ ಎಂದು ವಾಲಿಕೊಂಡು ನಿಂತಿದೆ. ಅದರ ಹತ್ತಿರ ಹೋಗಬಾರದೆಂದು ಪುರಸಭೆಯವರು ಪಟ್ಟಿ ಕಟ್ಟಿದ್ದಾರೆ. ಮನುಷ್ಯರ ಕೈಯಿಂದ ಎತ್ತುವಂಥದ್ದಲ್ಲ. ಎತ್ತಬೇಕಾದರೆ ಅದೇ ಜೆಸಿಬಿಯೇ ಬೇಕು. ಎತ್ತಿದರೆ ನೇರ ಲಾರಿಗೆ.

ಗಾರ್ತ್ ಬಕೆಟ್ಟಿನಿಂದ ಎದ್ದು, "ನೀನು ಮಾಡೋದು ಮಾಡಿದೆ ಕಣಮ್ಮ," ಎಂದು ಹೇಳಿ ಪಿಕಪ್ಪಿಗೆ ಹೋಗಿ ಕೂತ.

ಮಾರ್ಚ್ ೧೮, ಮಂಗಳವಾರ

ಬೆಳಿಗ್ಗೆಯೇ ಗಾರ್ತ್‌ನ ಗೇಟಿನಲ್ಲಿ ಹೋಗಿ ನಿಂತೆ. ಜೆಸಿಬಿ ನಡೆಸುವವನ ಹೆಸರು ಸೆಫಾ. ಸಮೋವಾ ದ್ವೀಪದವನು, ಬಾಗಿಲು ತುಂಬುವಂಥ ಆಳು, ಮೆತ್ತನೆಯ ದನಿ. ಅವನ ಹಿಂದೆ ಲಾರಿಗಳ ಸಾಲು. ಜಗಲಿಯ ಬೂದಿಯನ್ನು ಲಾರಿಗೆ ಹಾಕುವ ಮೊದಲು ಹುಲ್ಲಿನ ಮೇಲೆ ತೆಳ್ಳಗೆ ಹರಡಿಕೊಡಬೇಕು, ನಾನು ಒಮ್ಮೆ ಯಂತ್ರ ಬೀಸಿ ನೋಡಬೇಕು ಎಂದೆ. ಯಾಕೆ ಎಂದು ಕೇಳಿದ. ಹೇಳಿದೆ.

ಅವನು ಹೆಲ್ಮೆಟ್ ತೆಗೆದು ತಲೆ ಕೆರೆದುಕೊಂಡ. "ಮೆಷಿನ್ ಓಡ್ತಿರುವಾಗ ಹೊರಗಿನವರು ಒಳಗೆ ಬರೋ ಹಾಗಿಲ್ಲ, ಆಂಟಿ. ರೂಲ್ಸು."

"ಓಡ್ತಿರುವಾಗ ತಾನೆ? ಹಾಗಾದ್ರೆ ನಿಲ್ಲಿಸಿ."

ಎಲ್ಲಿಂದ ಬಂತೋ ಆ ಮಾತು. ಅವನು ಫೋನಿನಲ್ಲಿ ಯಾರೊಡನೆಯೋ ಮಾತಾಡಿ, ಮಧ್ಯಾಹ್ನದ ಊಟದವರೆಗೆ ಎಂದ.

ಮೊದಲು ಚಿಮಣಿಯನ್ನು ಉರುಳಿಸಿದ. ಆಮೇಲೆ ತಗಡುಗಳನ್ನು ಎತ್ತಿದ ರೀತಿ ನೋಡಬೇಕಿತ್ತು. ಅಷ್ಟು ದೊಡ್ಡ ಕಬ್ಬಿಣದ ಕೈ ಮಲಗಿದ ಮಗುವಿನ ಹೊದಿಕೆ ತೆಗೆದ ಹಾಗೆ ತೆಗೆಯಿತು. ಕೆಳಗಿನ ಬೂದಿಯನ್ನು ಬಾಚಿ, ಹುಲ್ಲಿನ ಮೇಲೆ ರೊಟ್ಟಿಗೆ ಬೆಣ್ಣೆ ಸವರಿದಂತೆ ಸವರಿ, ಜೆಸಿಬಿಯನ್ನು ದೂರಕ್ಕೆ ಒಯ್ದ. ಅಷ್ಟು ಕಬ್ಬಿಣ ಹತ್ತಿರವಿದ್ದರೆ ನನ್ನ ಯಂತ್ರಕ್ಕೆ ಬೇರೇನೂ ಕೇಳಿಸುವುದಿಲ್ಲ. ಇಂಜಿನ್ ಆರಿಸಿದ. ಆದರೂ ರಸ್ತೆಯಲ್ಲಿ ಲಾರಿಗಳು ಗುರುಗುಡುತ್ತಲೇ ಇದ್ದವು. ವಿಲ್ಮಾ ಕಾರಿನಿಂದಿಳಿದು ಒಂದೊಂದು ಲಾರಿಯ ಬಾಗಿಲನ್ನೂ ಪಿಕಾಸಿಯ ಹಿಡಿಯಿಂದ ತಟ್ಟುತ್ತ ಹೋದಳು. ಒಂದೊಂದಾಗಿ ಎಲ್ಲವೂ ಆರಿದವು. ಯಾರದೋ ರೇಡಿಯೋ ಹಾಡುತ್ತಿತ್ತು, ಅದೂ ನಿಂತಿತು.

ಆ ನಿಶ್ಶಬ್ದವನ್ನು ನಾನು ಮರೆಯುವುದಿಲ್ಲ. ಇಡೀ ರಸ್ತೆ ಉಸಿರು ಹಿಡಿದುಕೊಂಡಿತ್ತು. ಗುಂಯ್ ಸಣ್ಣದಾಗಿ, ಸ್ಪಷ್ಟವಾಗಿ ಕೇಳತೊಡಗಿತು. ಬೀಸಿದೆ. ಕುರ್ಚಿಯ ಸ್ಕ್ರೂಗಳು. ಬಾಗಿಲಿನ ಕೀಲು. ಕೋಳಿಗೂಡಿನ ಜಾಲರಿ. ಕೈಯೆತ್ತಿ ಇಲ್ಲ ಎಂದೆ. ಸೆಫಾ ಬಂದು ಆ ಬೂದಿಯನ್ನು ಲಾರಿಗೆ ಹಾಕಿ, ಹೊಸದನ್ನು ಹರಡಿ, ದೂರ ಹೋಗಿ ಮತ್ತೆ ಇಂಜಿನ್ ಆರಿಸಿದ. ಮತ್ತೆ ಇಲ್ಲ. ಮತ್ತೆ ಹರಡಿದ. ಒಂದು ಸಲವೂ ಅವನು ಗಡಿಯಾರ ನೋಡಲಿಲ್ಲ. ಲಾರಿಯವರು ಇಳಿದು ಬಂದು ಬೇಲಿಯುದ್ದಕ್ಕೂ ನಿಂತಿದ್ದರು. ಊಟದ ಹೊತ್ತು ಬಂದುಹೋಯಿತು, ಯಾರೂ ಬಾಯಿಬಿಟ್ಟು ಹೇಳಲಿಲ್ಲ.

ಬೋಗುಣಿ ಸಿಕ್ಕಿತು, ಎನಾಮೆಲ್ ಎಲ್ಲ ಎದ್ದುಹೋಗಿತ್ತು. ಅದನ್ನು ಬದಿಗಿಟ್ಟು ಅದೇ ಜಾಗದಲ್ಲಿ ಇನ್ನೊಮ್ಮೆ ಬೀಸಿದಾಗ ಗುಂಯ್ ಮೆಲ್ಲಗೆ ಬಾಗಿ ಎದ್ದಿತು. ಕೂಗಲಿಲ್ಲ. ದುಂಡಗಿನ ಸದ್ದು. ಅಡ್ಡ ಬೀಸಿದರೂ ಅದೇ ದುಂಡು. ಮೊಣಕಾಲೂರಿ ಬೂದಿಯನ್ನು ಅಂಗೈಗೆ ಹಾಕಿಕೊಂಡೆ, ಅರ್ಧ ಚೆಲ್ಲಿದೆ, ಮತ್ತೆ ಅರ್ಧ ಚೆಲ್ಲಿದೆ.

ಕಪ್ಪಾಗಿತ್ತು. ಒಂದು ಬದಿ ಚಪ್ಪಟೆಯಾಗಿತ್ತು. ಕಲ್ಲು ಉದುರಿಹೋಗಿತ್ತು. ಅಂಗಿಯ ತುದಿಯಿಂದ ಒರೆಸಿದೆ, ಒಳಬದಿಯಲ್ಲಿ ಚಿನ್ನ ಹೊಳೆಯಿತು.

ಗಾರ್ತ್‌ನ ಬಳಿಗೆ ಒಯ್ದು ಕೈಗಿಟ್ಟೆ. ಬಹಳ ಹೊತ್ತು ತಿರುಗಿಸಿ ನೋಡಿದ. ಕಿರುಬೆರಳಿಗೆ ಹಾಕಿಕೊಳ್ಳಲು ನೋಡಿದ, ಗೆಣ್ಣಿನಲ್ಲೇ ನಿಂತಿತು. ಹಾಗೆಯೇ ಬಿಟ್ಟ. ಆಮೇಲೆ ಇಷ್ಟು ದಿನ ಯಾರೂ ಕಾಲಿಡದ ಹಾಗೆ ಕಾದುಕೊಂಡಿದ್ದ ಜಾಗವನ್ನು ಒಮ್ಮೆ ಪೂರ್ತಿ ನೋಡಿ, ಸೆಫಾನ ಕಡೆ ತಿರುಗಿದ.

"ಇನ್ನು ತಗೊಂಡು ಹೋಗಪ್ಪ," ಎಂದ.

ಸೆಫಾ ಹೆಲ್ಮೆಟನ್ನು ಎದೆಗೆ ಹಿಡಿದುಕೊಂಡು ಒಂದು ಕ್ಷಣ ನಿಂತು, ಆಮೇಲೆ ಇಂಜಿನ್ ಚಾಲೂ ಮಾಡಿದ.

ವಿಲ್ಮಾ ಅಷ್ಟಾದರೂ ಗೇಟು ದಾಟಿರಲಿಲ್ಲ. ನಾನು ಅವಳ ಯಂತ್ರವನ್ನು ಹಿಂದಕ್ಕೆ ಕೊಡಲು ಹೋದಾಗ ಅವಳ ತುಟಿಯ ಬಣ್ಣ ಪೂರ್ತಿ ಅಳಿಸಿಹೋಗಿತ್ತು, ಕಚ್ಚಿ ಕಚ್ಚಿ. ಇದನ್ನೀಗ ಯಾರಿಗೂ ಹೇಳದೆ ಹೇಗಿರುತ್ತೀರಿ ಎಂದು ಕೇಳಿದೆ.

"ಗಾರ್ತ್ ಹೇಳು ಅಂದ್ರೆ ಹೇಳ್ತೀನಿ," ಎಂದಳು. "ಇಲ್ಲಾಂದ್ರೆ ಇಲ್ಲ."

ಬೇಲಿಯೊಳಗಿಂದ ಗಾರ್ತ್, "ಹೇಳು ಹೇಳು," ಎಂದ. "ಊರಿಗೆಲ್ಲ ಹೇಳು."

ಮಾರ್ಚ್ ೨೩, ಭಾನುವಾರ

ಗಾರ್ತ್ ಮಗಳ ಮನೆಗೆ ಹೋಗಿದ್ದಾನೆ. ಹೋಗುವಾಗ ಗೇಟು ತೆರೆದೇ ಇಟ್ಟು ಹೋದ. ನಮ್ಮ ಜಾಗವನ್ನೂ ಬಳಿದು ಮುಗಿಸಿದ್ದಾರೆ. ಬರೀ ಕೆಮ್ಮಣ್ಣು. ಮ್ಯಾಗ್‌ಪೈ ಹಕ್ಕಿಗಳು ಅದರ ಮೇಲೆ ತಮ್ಮದೇ ಎಂಬಂತೆ ಓಡಾಡುತ್ತಿವೆ.

ವಿಲ್ಮಾ ಡಂಗುರ ಚೆನ್ನಾಗಿ ಹೊಡೆದಿದ್ದಾಳೆ. ಗುಡ್ಡದಾಚೆಯ ಒಬ್ಬ ಹೆಂಗಸು ಫೋನ್ ಮಾಡಿದ್ದಳು, ಅಪ್ಪನ ಪದಕಗಳು ಬೇಕಂತೆ. ಬುಧವಾರ ಹೋಗಬೇಕು. ಶಾಲೆಯ ಪಕ್ಕದ ಅಣ್ಣತಮ್ಮಂದಿರಿಗೆ ಶುಕ್ರವಾರ ಬರುತ್ತೇನೆಂದು ಹೇಳಿದ್ದೇನೆ. ಮೊಣಕಾಲಿಗೆ ಒಂದು ಜೊತೆ ಚರ್ಮದ ಪಟ್ಟಿ ಹೊಲಿದುಕೊಳ್ಳಬೇಕು. ಕೈಯಲ್ಲೇ ಹೊಲಿದರಾಯಿತು.

ಮಧ್ಯಾಹ್ನ ಜಾನಿಸ್ ಫೋನ್ ಮಾಡಿದಳು. ಪಕ್ಕದ ಮನೆಯವರು ಕೇಳುತ್ತಿದ್ದಾರೆ, ಯಾವಾಗ ಬರುತ್ತೀರಿ ಎಂದಳು. ಈ ವಾರ ಪುರಸೊತ್ತಿಲ್ಲ, ಮುಂದಿನ ವಾರವೂ ಇಲ್ಲ ಎಂದೆ. ಈಸ್ಟರಿಗೆ ನೀವೇ ಬನ್ನಿ, ಟೆಂಟ್ ತನ್ನಿ, ಕಾಡಿನಲ್ಲಿ ಒಂದು ಜಾಗ ತೋರಿಸುತ್ತೇನೆ ಎಂದೆ. ಸರಿ, ಟೆಂಟ್ ಹುಡುಕುತ್ತೇನೆ ಎಂದಳು. ಅವಳ ದನಿ ಯಾಕೋ ಒಡೆದಿತ್ತು. ನೆಗಡಿಯಿರಬೇಕು.

ಫೋನಿಟ್ಟು ಹೊರಗೆ ಬಂದರೆ ನೆವ್ ಕೆಮ್ಮಣ್ಣಿನ ನಡುವೆ ಅಳತೆಯ ಟೇಪ್ ಎಳೆದುಕೊಂಡು ಒಬ್ಬನೇ ಒದ್ದಾಡುತ್ತಿದ್ದ. ಏನಂತೆ ಎಂದು ಕೇಳಿದ. ಈಸ್ಟರಿಗೆ ಬರುತ್ತಾರಂತೆ ಎಂದೆ. ಟೇಪಿನ ಒಂದು ತುದಿ ಹೊಲಿಗೆಯ ಕೋಣೆಯಿದ್ದ ಮೂಲೆಯಲ್ಲಿತ್ತು.

ಇನ್ನೊಂದು ತುದಿ ಹಿಡಿ ಎಂದ. ಹಿಡಿದೆ.